ಏಳೂವರೆಗೆ ಸತ್ತ ಹುಡುಗಿ

ಸೋಮವಾರ ಸಂಜೆ ಏಳೂವರೆಯ ಧಾರಾವಾಹಿಯಲ್ಲಿ ಇಳಾ ಲಾರಿಗೆ ಸಿಕ್ಕು ಸತ್ತಳು. ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಅದೇ ಇಳಾ ನಮ್ಮ ಹೈಸ್ಕೂಲಿನ ಆಫೀಸಿನಲ್ಲಿ ನನ್ನ ಮೇಜಿನ ಮುಂದೆ ನಿಂತು, "ಮೇಡಂ, ಹತ್ತನೇ ಕ್ಲಾಸಿಗೆ ಸೇರ್ಬೇಕಿತ್ತು" ಅಂದಳು. ಕೈಯಲ್ಲಿ ಟೀಸಿ ಇತ್ತು. ಟೀಸಿಯಲ್ಲಿ ನಾಗವೇಣಿ ಎಂದು ಬರೆದಿತ್ತು. ನಾನು ಹತ್ತೊಂಬತ್ತು ವರ್ಷದಿಂದ ಆ ಮೇಜಿನ ಹಿಂದೆ ಗುಮಾಸ್ತೆಯಾಗಿ ಕೂತವಳು. ಜನ್ಮದಿನಾಂಕ ತಿದ್ದಿಕೊಂಡು ಬಂದವರನ್ನು, ಅಪ್ಪನ ಹೆಸರು ಬದಲಾಯಿಸಿಕೊಂಡು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಇಡೀ ಊರು ನೋಡುತ್ತಿರುವಾಗ ಸತ್ತು, ಅದೇ ವಾರ ಸ್ಕೂಲು ಸೇರಲು ಬಂದವರು ಮಾತ್ರ ಯಾರೂ ಇರಲಿಲ್ಲ.

ಅವಳ ಸಾವಿಗೆ ನಮ್ಮೂರು ಅತ್ತದ್ದು ಅಷ್ಟಿಷ್ಟಲ್ಲ. ಮಂಗಳವಾರ ಮಹಿಳಾ ಸಮಾಜದವರು ಎರಡು ನಿಮಿಷ ಮೌನ ಆಚರಿಸಿದರು. ಸಮಾಜದ ಇತಿಹಾಸದಲ್ಲೇ ಅದು ಮೊದಲ ಮೌನ. ಬಸ್ ಸ್ಟ್ಯಾಂಡಿನ ಹೋಟೆಲಿನ ಶಂಭಣ್ಣ ಅರ್ಧ ದಿನ ಬಾಗಿಲು ಹಾಕಿದ. ಅವನ ಸ್ವಂತ ಭಾವಮೈದ ಸತ್ತಾಗ ಹೋಟೆಲು ಮುಚ್ಚಿರಲಿಲ್ಲ. ಮುಚ್ಚುವ ಅಗತ್ಯವೂ ಇರಲಿಲ್ಲ ಅನ್ನಿ, ಆ ಭಾವಮೈದನೇ ಒಂದು ವರ್ಷ ಗಲ್ಲಾದ ಪಕ್ಕ ಕೂತು ಗಿರಾಕಿಗಳನ್ನು ಗದರಿಸುತ್ತಿದ್ದ.

ನಮ್ಮೂರಲ್ಲಿ ಸತ್ತವರು ಒಂದು ವರ್ಷ ಇರುತ್ತಾರೆ. ಸುಟ್ಟೋ ಹೂತೋ ಬಂದ ಮೂರನೇ ದಿನ ನೋಡಿದರೆ ಜಗಲಿಯ ಮೇಲೆ ಕೂತಿರುತ್ತಾರೆ. ವರ್ಷ ತುಂಬಿದ ದಿನ ಎದ್ದು ಕೆರೆ ದಾರಿಯಲ್ಲಿ ಹೊರಟುಹೋಗುತ್ತಾರೆ. ಊಟ ತಿಂಡಿ ಇಲ್ಲ. ಊರಗಡಿಯ ಕಲ್ಲು ದಾಟುವಂತಿಲ್ಲ. ಮಾತು ಮಾತ್ರ ಇರುತ್ತದೆ. ಅವರಿಗೆ ಓಟಿಲ್ಲ, ಅದಕ್ಕೇ ಯಾರು ಗೆಲ್ಲಬೇಕೆಂದು ಅವರಷ್ಟು ಗಟ್ಟಿಯಾಗಿ ಹೇಳುವವರೂ ಇಲ್ಲ. ಪಂಚಾಯಿತಿ ಸಭೆಯಲ್ಲಿ ಹಿಂದಿನ ಸಾಲು ಅವರದು, ಸ್ಕೂಲಿನಲ್ಲಿ ಕಿಟಕಿ ಪಕ್ಕದ ಕೊನೆಯ ಬೆಂಚು ಅವರದು, ನನ್ನ ಹಾಜರಿ ಪುಸ್ತಕದಲ್ಲಿ ಹಸಿರು ಶಾಯಿ ಅವರದು. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ನನಗೆ ಬೇರೆ ಊರುಗಳೇ ವಿಚಿತ್ರ ಅನ್ನಿಸುತ್ತವೆ. ಅಲ್ಲಿ ಅತ್ತೆ ಸತ್ತರೆ ಸತ್ತೇ ಹೋಗುತ್ತಾಳಂತೆ. ನನ್ನ ಅತ್ತೆ ಪುಟ್ಟತಾಯಮ್ಮ ಅದರ ಹಿಂದಿನ ಫಾಲ್ಗುಣದಲ್ಲಿ ತೀರಿಕೊಂಡು, ಮೂರನೇ ದಿನಕ್ಕೆ ಜಗಲಿ ಹತ್ತಿ, ತಾವು ತಿನ್ನದ ನನ್ನ ಸಾರಿಗೆ ಉಪ್ಪು ಕಮ್ಮಿಯಾಗಿದೆ ಎಂದು ವಾಸನೆಯಲ್ಲೇ ಹೇಳುತ್ತಿದ್ದರು.

ಹೆಡ್ಮಾಸ್ಟರ್ ಮರುಳಪ್ಪನವರು ಕನ್ನಡಕ ಒರೆಸಿ ಹುಡುಗಿಯನ್ನು ನೋಡಿದರು. ಸೋಮವಾರ ಅತ್ತವರಲ್ಲಿ ಅವರೂ ಒಬ್ಬರು.

"ಕೂತ್ಕೊಳಮ್ಮ. ಊರಿಗೆ ಯಾವಾಗ್ ಬಂದೆ?"

"ನಿನ್ನೆ ಸಾರ್. ಟೈಲರ್ ಜಯಶೀಲ ನಮ್ಮ ದೊಡ್ಡಮ್ಮ. ಅವರ ಮನೇಲೇ ಇರ್ತೀನಿ."

"ನಿನ್ನೆಗೆ ಮೂರನೇ ದಿನ," ಎಂದು ಮರುಳಪ್ಪನವರು ನನ್ನ ಕಡೆ ನೋಡಿ ತಲೆಯಾಡಿಸಿದರು. ಲೆಕ್ಕ ಸರಿಹೋಗಿತ್ತು.

"ಸಾರ್, ಅದು ಧಾರಾವಾಹಿ. ನಾನು ಆ್ಯಕ್ಟಿಂಗ್ ಬಿಟ್ಟೆ. ಅದಕ್ಕೆ ಆ ಪಾತ್ರಾನ ಸಾಯಿಸಿದ್ರು. ನಾನು ಸತ್ತಿಲ್ಲ."

ಮರುಳಪ್ಪನವರ ಮುಖ ಮೆತ್ತಗಾಯಿತು. "ಮೊದಮೊದ್ಲು ಎಲ್ರೂ ಹಂಗೇ ಹೇಳ್ತಾರಮ್ಮ," ಎಂದರು.

ನನಗೆ ನಿಜ ಗೊತ್ತಿರಲಿಲ್ಲ ಎಂದಲ್ಲ. ಹುಡುಗಿ ಬೆವರುತ್ತಿದ್ದಳು, ಅವಳ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಆದರೆ ಸಾಹೇಬರು ಹಸಿರು ಪೆನ್ನು ಮುಂದೆ ಮಾಡಿದಾಗ ನಾನು ಹಸಿರಿನಲ್ಲೇ ಬರೆದೆ. ನಂಬುವುದು ಬಿಡುವುದು ಗುಮಾಸ್ತರ ಕೆಲಸವಲ್ಲ.

ನಾಗವೇಣಿಗೆ ಆಗ ಹದಿನಾರು. ನಾಲ್ಕನೇ ವಯಸ್ಸಿಗೆ ಸೋಪಿನ ಜಾಹೀರಾತಿನಲ್ಲಿ ಬಕೆಟ್ಟಿನೊಳಗೆ ಕೂತವಳು ಆಮೇಲೆ ಕ್ಯಾಮೆರಾ ಮುಂದಿನಿಂದ ಎದ್ದೇ ಇರಲಿಲ್ಲ. ಸ್ಕೂಲು ಎಂದರೆ ಅವಳಿಗೆ ವರ್ಷಕ್ಕೊಮ್ಮೆ ಹೋಗಿ ಪರೀಕ್ಷೆ ಬರೆದು ಬರುವ ಕಟ್ಟಡ. ಅವಳಿಗೆ ಬೇಕಾಗಿದ್ದದ್ದು ದೊಡ್ಡದೇನೂ ಅಲ್ಲ. ಎರಡನೇ ಬೆಂಚಿನಲ್ಲಿ ಇಬ್ಬರ ಮಧ್ಯೆ ಇಕ್ಕಟ್ಟಾಗಿ ಕೂರಬೇಕು, ಖೋ ಖೋ ಆಡಬೇಕು, ಹೋಂವರ್ಕ್ ಮಾಡದೆ ಬಂದು ಬೈಸಿಕೊಳ್ಳಬೇಕು. ಯಾವುದೂ ಸಿಗಲಿಲ್ಲ. ಕಿಟಕಿ ಪಕ್ಕದ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದರು. ಮೇಷ್ಟ್ರುಗಳು ಅವಳನ್ನು ಪ್ರಶ್ನೆ ಕೇಳುತ್ತಿರಲಿಲ್ಲ. ಸತ್ತವರನ್ನು ಕೇಳಿದರೆ ಉತ್ತರಕ್ಕಿಂತ ಹೆಚ್ಚಿನದು ಬರುತ್ತದೆ ಎಂಬ ಅನುಭವ ಅವರಿಗಿತ್ತು. ಬಿಸಿಯೂಟದ ಸಾಲಿನಲ್ಲಿ ಅವಳ ತಟ್ಟೆಯನ್ನು ಬಹಳ ಮರ್ಯಾದೆಯಿಂದ ದಾಟಿಕೊಂಡು ಹೋಗುತ್ತಿದ್ದರು.

ಹುಡುಗಿ ಸುಮ್ಮನಿರಲಿಲ್ಲ. ಒಂದು ಭಾನುವಾರ ಶಂಭಣ್ಣನ ಹೋಟೆಲಿಗೆ ಹೋಗಿ, ಎಲ್ಲರಿಗೂ ಕಾಣುವ ಹಾಗೆ ನಡುಮೇಜಿನಲ್ಲಿ ಕೂತು, ಆರು ಇಡ್ಲಿ ತಿಂದಳು. ಜನ ಸುತ್ತ ನಿಂತು ನೋಡಿದರು. "ಪಾಪ, ಇನ್ನೂ ಆಸೆ ಹೋಗಿಲ್ಲ," ಎಂದು ಶಂಭಣ್ಣ ಸೆರಗಿಲ್ಲದ ಕಾರಣ ಹೆಗಲ ಟವೆಲಿನಲ್ಲಿ ಕಣ್ಣೊರೆಸಿಕೊಂಡ. ಇನ್ನೊಂದು ದಿನ ಮೈದಾನದಲ್ಲಿ ಬಿದ್ದು ಮೊಣಕಾಲು ತರಚಿ ರಕ್ತ ಬಂದಾಗ, ಕುಂಟಿಕೊಂಡು ಸ್ಟಾಫ್ ರೂಮಿಗೇ ಓಡಿ ಬಂದು ತೋರಿಸಿದಳು. ವಿಜ್ಞಾನದ ಮೇಷ್ಟ್ರು ಬಗ್ಗಿ ನೋಡಿ, "ಟೀವಿಯೋರ ಹತ್ರ ಈ ಬಣ್ಣ ಬೇಜಾನ್ ಇರ್ತದೆ," ಎಂದರು. ವಿಜ್ಞಾನದ ಮೇಷ್ಟ್ರು, ನೆನಪಿರಲಿ.

ಅವಳ ದೊಡ್ಡಮ್ಮ ಜಯಶೀಲ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಊರಿಗೆಲ್ಲ ಹೇಳಿ ಸಾಕಾಗಿದ್ದಳು. "ನನ್ ತಂಗಿ ಮಗಳು ಕಣ್ರೀ, ಮನೇಲಿ ಮೂರೊತ್ತೂ ಉಣ್ತಾಳೆ," ಎಂದರೆ, ರವಿಕೆ ಅಳತೆ ಕೊಡಲು ಬಂದವರು, "ಹೂಂ ಕಣಮ್ಮ, ನಿಂಗೂ ಒಪ್ಕೊಳಾಕೆ ಟೈಮ್ ಬೇಕು," ಎನ್ನುತ್ತಿದ್ದರು.

ಹೀಗೆ ಐದು ತಿಂಗಳಾಯಿತು. ಕಾರ್ತಿಕದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿಗಳು ಬಂದವು. ಮರುಳಪ್ಪನವರು ನಾಗವೇಣಿಯ ಅರ್ಜಿಯನ್ನು ಎರಡೂ ಕಡೆ ತಿರುವಿ ನೋಡಿ ಹಾಗೇ ಇಟ್ಟರು. ಸತ್ತವರು ತರಗತಿಯಲ್ಲಿ ಕೂರಬಹುದು, ಪರೀಕ್ಷೆಗೆ ಕೂರುವಂತಿಲ್ಲ. ಹಿಂದೆ ಒಮ್ಮೆ ಒಬ್ಬನಿಗೆ ಬಿಟ್ಟು, ಅವನು ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ, ಬದುಕಿದ್ದ ಮಕ್ಕಳ ತಂದೆತಾಯಿಗಳು ಗಲಾಟೆ ಮಾಡಿದ್ದರು.

"ಹಾಗಾದ್ರೆ ನಾನು ಬದುಕಿದೀನಿ ಅಂತ ಯಾರು ಹೇಳಿದ್ರೆ ನಂಬ್ತೀರಾ ಸಾರ್?" ಎಂದಳು ನಾಗವೇಣಿ. ಮೇಜು ಗುದ್ದಲಿಲ್ಲ, ಅಳಲಿಲ್ಲ. ಹಲ್ಲು ಕಚ್ಚಿಕೊಂಡು ಕೇಳಿದಳು.

ಮರುಳಪ್ಪನವರು ಯೋಚಿಸಿದರು. "ಸತ್ತೋರಿಗೆ ಸತ್ತೋರ ಗುರ್ತು ಸಿಗುತ್ತೆ. ಅವರಲ್ಲಿ ಯಾರಾದ್ರೂ ಬಂದು, ಇವ್ಳು ನಮ್ಮೋಳಲ್ಲ ಅಂದ್ರೆ ಸೈನ್ ಹಾಕ್ತೀನಿ."

ಆ ತಿಂಗಳು ನಮ್ಮೂರಿನಲ್ಲಿ ಇದ್ದ ಸತ್ತವರು ನಾಲ್ಕೇ ಜನ. ಒಬ್ಬರಿಗೆ ಬದುಕಿದ್ದಾಗಲೇ ಕಿವಿ ಕೇಳುತ್ತಿರಲಿಲ್ಲ, ಇಬ್ಬರು ಅಣ್ಣತಮ್ಮಂದಿರು, ಒಬ್ಬ ಹೌದೆಂದರೆ ಇನ್ನೊಬ್ಬ ಅಲ್ಲವೆನ್ನುವವರು. ಉಳಿದವರು ನನ್ನ ಅತ್ತೆ. ಅವತ್ತು ಸಂಜೆ ಹುಡುಗಿ ನಮ್ಮ ಜಗಲಿಯ ಮುಂದೆ ಬಂದು ಕೈಮುಗಿದು ನಿಂತಳು.

ಪುಟ್ಟತಾಯಮ್ಮ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. "ಬಸ್ರಿ ಅತ್ಗೇನ ಒಬ್ಳನ್ನೇ ಬುಟ್ಬುಟ್ಟು ಸತ್ತ್ಯಲ್ಲೇ. ಒಸಿನಾದ್ರೂ ಬುದ್ಧಿ ಬ್ಯಾಡ್ವಾ?"

"ಅಜ್ಜಿ, ಅದು ಕತೆ. ನಾನು ಬದುಕಿದೀನಿ. ನಿಮ್ಗೆ ಗೊತ್ತಾಗುತ್ತಲ್ಲ?"

"ಗೊತ್ತಾಯ್ತದೆ. ಬೇಲಿಯಾಚೆ ನಿಂತಿದ್ದಾಗ್ಲೇ ಗೊತ್ತಾಯ್ತು. ಅದು ಅಂಗಿರ್ಲಿ, ನಿನ್ ಅತ್ಗೆ ಹೆತ್ತ ಕೂಸ್ನ ಕದ್ದೋನು ಯಾರು? ಮಾವನೋ, ಡ್ರೈವರ್ರೋ? ಅದ್ನ ಹೇಳು, ನಾನು ಸಾಕ್ಷಿ ಹೇಳ್ತೀನಿ."

"ಆಣೆಗೂ ನಂಗೊತ್ತಿಲ್ಲ ಅಜ್ಜಿ. ಬರೆಯೋರಿಗೂ ಗೊತ್ತಿರಲ್ಲ. ಬೆಳಗ್ಗೆ ಬರೆದು ಮಧ್ಯಾಹ್ನ ಕೊಡ್ತಾರೆ."

ನನ್ನ ಅತ್ತೆ ಗರಬಡಿದವರಂತೆ ಕೂತರು. ಎಂಬತ್ತೊಂದು ವರ್ಷ ಬದುಕಿ, ಎಂಟು ತಿಂಗಳು ಸತ್ತು, ಅವರು ಎಂದೂ ಅಷ್ಟು ಹೊತ್ತು ಸುಮ್ಮನಿದ್ದುದನ್ನು ನಾನು ಕಂಡಿರಲಿಲ್ಲ. ಕೊನೆಗೆ, "ಕೂತ್ಕೋ," ಎಂದರು. ಅಷ್ಟರಲ್ಲಿ ಏಳೂವರೆಯಾಗಿತ್ತು. ನಾನು ಟೀವಿಯನ್ನು ಬಾಗಿಲ ಕಡೆ ತಿರುಗಿಸಿದೆ. ಇಬ್ಬರೂ ಜಗಲಿಯಿಂದಲೇ ನೋಡಿದರು. ತಾನಿಲ್ಲದ ಮನೆಯಲ್ಲಿ, ತನ್ನದೇ ಫೋಟೋಗೆ ಹಾರ ಹಾಕಿದ ಗೋಡೆಯ ಮುಂದೆ ಜನ ಜಗಳವಾಡುವುದನ್ನು ನಾಗವೇಣಿ ಬಾಯಿ ತೆರೆದು ನೋಡುತ್ತಿದ್ದಳು. ಅವಳು ಆ ಧಾರಾವಾಹಿಯನ್ನು ಕೂತು ನೋಡಿದ್ದು ಅದೇ ಮೊದಲಂತೆ.

ಆಮೇಲೆ ದಿನಾ ಬರತೊಡಗಿದಳು. ಒಂದು ಸಂಜೆ ಜಾಹೀರಾತಿನ ಮಧ್ಯೆ, ಯಾರೂ ಕೇಳದೆಯೇ ಹೇಳಿದಳು: "ನಮ್ಮಮ್ಮ ಈ ಊರೋರೇ ಅಜ್ಜಿ. ಹೋದ ವರ್ಷ ಸಿಟಿ ಆಸ್ಪತ್ರೇಲಿ ತೀರ್ಕೊಂಡ್ರು. ಇಲ್ಲಿಗೆ ಕರ್ಕೊಂಡ್ ಬಂದಿದ್ರೆ ಒಂದ್ ವರ್ಷನಾದ್ರೂ ಸಿಗ್ತಿದ್ರು. ಶೂಟಿಂಗ್ ಇತ್ತು." ಪುಟ್ಟತಾಯಮ್ಮ ಅವಳ ಕಡೆ ತಿರುಗಲಿಲ್ಲ. "ನಿಮ್ಮಮ್ಮ ಲಲಿತೆ ತಾನೆ? ನಮ್ಮ ಹಿತ್ಲಲ್ಲಿ ಸೀಬೆಕಾಯಿ ಕದೀತಿದ್ಲು," ಎಂದರು. ಹುಡುಗಿಗೆ ಅದು ಬೇಕಾಗಿತ್ತೆಂದು ಕಾಣುತ್ತದೆ. ಎಷ್ಟು ಸೀಬೆಕಾಯಿ, ಯಾವ ಗೋಡೆ ಹತ್ತಿ, ಸಿಕ್ಕಿಬಿದ್ದಾಗ ಏನಂದಳು, ಎಲ್ಲ ಕೇಳಿದಳು. ಅತ್ತೆಗೆ ನೆನಪಿದ್ದದ್ದು ಒಂದಿಷ್ಟು, ಉಳಿದದ್ದನ್ನು ಅವರು ಧಾರಾಳವಾಗಿ ಕಟ್ಟಿ ಹೇಳಿದರು.

ಶನಿವಾರ ಸ್ಕೂಲಿಗೆ ಬಂದು ಸಾಕ್ಷಿ ಹೇಳುವುದೆಂದು ಗೊತ್ತಾಯಿತು. ಶುಕ್ರವಾರ ಸಂಜೆ ನಮ್ಮ ಮನೆಯ ಮುಂದೆ ಬಿಳಿ ಕಾರು ನಿಂತು, ಅದರಿಂದ ನಾಗವೇಣಿಯ ಅಪ್ಪ ದಿನಕರ ಇಳಿದ. ಇಸ್ತ್ರಿ ಮಾಡಿದ ಶರ್ಟು, ಎರಡು ಫೋನು. ಮಗಳು ಸೆಟ್ಟಿಗೆ ಬರುವುದಿಲ್ಲ, ಊರಿಗೆ ಹೋಗುತ್ತೇನೆಂದು ಹಟ ಹಿಡಿದಾಗ, ಸದ್ಯಕ್ಕೆ ಸಾಯಿಸಿಬಿಡಿ, ಆಮೇಲೆ ನೋಡೋಣ ಎಂದು ವಾಹಿನಿಯವರಿಗೆ ಹೇಳಿದವನು ಇವನೇ. ಈಗ ಧಾರಾವಾಹಿಯನ್ನು ನೋಡುವವರೇ ಕಮ್ಮಿಯಾಗಿದ್ದರು. ಲಾರಿಗೆ ಸಿಕ್ಕಿದ್ದು ಬೇರೆ ಯಾರೋ, ಇಳಾ ನೆನಪು ಕಳೆದುಕೊಂಡು ಯಾವುದೋ ಆಶ್ರಮದಲ್ಲಿದ್ದಾಳೆ ಎಂದು ಬರೆಯುವವರಿಗೆ ಹೊಳೆದಿತ್ತು. ಸೋಮವಾರದಿಂದ ಶೂಟಿಂಗ್.

"ಬ್ಯಾಗ್ ಪ್ಯಾಕ್ ಮಾಡು ನಾಗು," ಎಂದ.

ಕಾರು ನೋಡಿ ಬೀದಿಯೆಲ್ಲ ಸೇರಿತು. ಮರುಳಪ್ಪನವರೂ ಬಂದರು. "ಸ್ವಾಮಿ, ವರ್ಷ ತುಂಬೋವರೆಗೂ ಊರ ಕಲ್ಲು ದಾಟಿಸೋ ಹಾಗಿಲ್ಲ," ಎಂದು ಬಹಳ ನಯವಾಗಿ ಹೇಳಿದರು.

"ಏನ್ರೀ ವರ್ಷ? ನನ್ನ ಮಗಳು ಬದುಕಿದಾಳೆ!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆತ್ತ ಕರುಳು ಎಂದು ಯಾರೋ ನಿಟ್ಟುಸಿರುಬಿಟ್ಟರು. ಶಂಭಣ್ಣ ಒಳಗಿನಿಂದ ನೀರು ತರಿಸಿ ಕೊಟ್ಟ.

ದಿನಕರನಿಗೆ ರೇಗಿತು. "ನಾಗು, ನೀನೇ ಹೇಳು ಇವರಿಗೆ, ಬದುಕಿದೀನಿ ಅಂತ. ಹೇಳಿ ಕಾರು ಹತ್ತು."

ಐದು ತಿಂಗಳಿಂದ ಅದೊಂದು ಮಾತನ್ನೇ ಊರಿಗೆ ಕೂಗಿ ಹೇಳಿದ್ದ ಹುಡುಗಿ ಈಗ ಬಾಯಿ ಬಿಡಲಿಲ್ಲ. ಬದುಕಿದ್ದೇನೆ ಎಂದರೆ ಅಪ್ಪನ ಜೊತೆ ಹೋಗಬೇಕು. ಹದಿನಾರು ವರ್ಷದವಳ ಪರವಾಗಿ ಎಲ್ಲ ಕಾಗದಕ್ಕೂ ಸಹಿ ಹಾಕುವವನು ಅವನೇ. ಸತ್ತಿದ್ದೇನೆ ಎಂದರೆ ಇಲ್ಲೇ ಇರಬಹುದು, ಕಿಟಕಿ ಪಕ್ಕದ ಬೆಂಚಿನಲ್ಲಿ, ಪರೀಕ್ಷೆ ಇಲ್ಲದೆ, ವರ್ಷ ತುಂಬುವವರೆಗೆ.

ಮರುಳಪ್ಪನವರು ಜಗಲಿಯ ಕಡೆ ತಿರುಗಿದರು. "ಪುಟ್ಟತಾಯವ್ವ, ನಾಳೆ ಹೇಳೋದ್ನ ಇವತ್ತೇ ಹೇಳ್ಬಿಡಿ. ಈ ಹುಡ್ಗಿ ನಿಮ್ಮೋಳೋ, ನಮ್ಮೋಳೋ?"

ನನ್ನ ಅತ್ತೆ ಕಾರನ್ನು ನೋಡಿದರು. ಎರಡು ಫೋನುಗಳನ್ನು ನೋಡಿದರು. ಹುಡುಗಿಯ ಮುಖ ನೋಡಿದರು. ನನ್ನ ಮದುವೆಯಾದಾಗಿನಿಂದ ಅವರನ್ನು ಬಲ್ಲೆ, ಅವರು ಸುಳ್ಳು ಹೇಳುವ ಮೊದಲು ಕತ್ತಿನ ಹತ್ತಿರ ಸೆರಗು ಸರಿಮಾಡಿಕೊಳ್ಳುತ್ತಾರೆ. ಸರಿಮಾಡಿಕೊಂಡರು.

"ನಮ್ಮೋಳೇ," ಎಂದರು. "ಎಲ್ಲೂ ಕಳ್ಸಾಕಿಲ್ಲ."

ಸತ್ತವರ ಮಾತಾದ್ದರಿಂದ ಊರಿಗೆ ಅದು ಮುಗಿದ ವಿಷಯ. ಆದರೆ ಹುಡುಗಿ ಜಗಲಿಯಿಂದ ಇಳಿದು ಬೀದಿಯ ಮಧ್ಯಕ್ಕೆ ಬಂದಳು.

"ಅಜ್ಜಿ ನನಗೋಸ್ಕರ ಸುಳ್ಳು ಹೇಳಿದ್ರು. ನಾನು ಬದುಕಿದೀನಿ," ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಆದ್ರೂ ಬರಲ್ಲ," ಎಂದಳು.

ಬದುಕಿದ್ದೂ ಬರುವುದಿಲ್ಲ ಎನ್ನಬಹುದೆಂದು ನಮ್ಮೂರಿನ ಯಾರಿಗೂ ಅದುವರೆಗೆ ಹೊಳೆದಿರಲಿಲ್ಲ. ಜನ ಗೊಂದಲದಲ್ಲಿ ಬಿದ್ದರು.

"ಹುಚ್ಚುಚ್ಚಾಗಿ ಆಡ್ಬೇಡ," ಎಂದ ದಿನಕರ. "ಅಲ್ಲಿ ಎಂಬತ್ತು ಜನದ ಊಟ ನಿನ್ನ ಮೇಲೆ ನಿಂತಿದೆ."

"ಅಪ್ಪ, ಅಮ್ಮ ಹೋಗಿದ್ದು ಬೆಳಗ್ಗೆ. ನೀವು ನನಗೆ ಹೇಳಿದ್ದು ಸಾಯಂಕಾಲ. ಮಧ್ಯದಲ್ಲಿ ನಾನು ಮದುವೆ ಮನೆ ಸೀನ್ ಮಾಡಿದೆ. ಹನ್ನೊಂದು ಟೇಕು. ನಗೋದು ಸರಿ ಬರ್ತಿಲ್ಲ ಅಂತ ನೀವೇ ಪಕ್ಕದಲ್ಲಿ ನಿಂತು ನಗಿಸಿದ್ರಿ."

ದಿನಕರನ ಒಂದು ಫೋನು ಹೊಡೆದುಕೊಳ್ಳತೊಡಗಿತು. ನೋಡಿದ, ಎತ್ತಲಿಲ್ಲ. "ಆ ದಿನ ಶೂಟಿಂಗ್ ಬಿಟ್ಟಿದ್ರೆ ಮದುವೆ ಮನೆ ಸೆಟ್ಟನ್ನೇ ಬಿಚ್ಚಿಬಿಡ್ತಿದ್ರು," ಎಂದ. ಅದು ಮಗಳಿಗೆ ಹೇಳಿದ ಹಾಗಿರಲಿಲ್ಲ. ಬೀದಿಯಲ್ಲಿ ನಿಂತಿದ್ದವರು ಯಾರೂ ಮಾತಾಡಲಿಲ್ಲ. ಆ ವರ್ಷ ನಮ್ಮೂರು ಆಚರಿಸಿದ ಎರಡನೇ ಮೌನ ಅದು.

ಆಗ ನನಗೇನಾಯಿತೋ. ನನ್ನ ಕೈಚೀಲದಲ್ಲಿ ಅವಳ ಪರೀಕ್ಷೆಯ ಅರ್ಜಿ ಇತ್ತು. ಆಫೀಸಿನ ಕಾಗದ ಮನೆಗೆ ತರಬಾರದು, ತಂದಿದ್ದೆ. ತೆಗೆದು ದಿನಕರನ ಮುಂದೆ ಹಿಡಿದೆ. "ಪೋಷಕರ ಸಹಿ ಬೇಕು ಸಾರ್. ಇಲ್ಲಿ," ಎಂದೆ. ಹತ್ತೊಂಬತ್ತು ವರ್ಷದಲ್ಲಿ ಸಾಹೇಬರನ್ನು ಕೇಳದೆ ನಾನು ಮಾಡಿದ ಮೊದಲ ಕೆಲಸ. ನೀಲಿ ಪೆನ್ನನ್ನೂ ಕೊಟ್ಟೆ.

ಅವನು ಅರ್ಜಿಯನ್ನು ಬಹಳ ಹೊತ್ತು ಓದಿದ. ಅದರಲ್ಲಿ ಅಷ್ಟು ಓದುವುದೇನೂ ಇರಲಿಲ್ಲ. ಕಾರಿನ ಬಾನೆಟ್ ಮೇಲಿಟ್ಟು ಸಹಿ ಹಾಕಿದ. ಹೊರಡುವ ಮೊದಲು, ಅಲ್ಲಿ ಇದ್ದವರಲ್ಲಿ ಹಿರಿಯರೆಂದು ಕಂಡದ್ದಕ್ಕೋ ಏನೋ, ನನ್ನ ಅತ್ತೆಯ ಹತ್ತಿರ ಹೋಗಿ, "ಸರಿಯಾಗಿ ಊಟ ಮಾಡ್ತಾಳಾ?" ಎಂದು ಮೆಲ್ಲಗೆ ಕೇಳಿದ.

"ಮಾಡ್ದೇ ಏನು? ಇಲ್ಲಿ ಉಪ್ಪು ಮಾತ್ರ ಕಮ್ಮಿ," ಎಂದರು ಪುಟ್ಟತಾಯಮ್ಮ.

ಈಗ ಕಷ್ಟಕ್ಕೆ ಸಿಕ್ಕಿದವರು ಮರುಳಪ್ಪನವರು. ಸತ್ತವರ ಸಾಕ್ಷಿಯ ಪ್ರಕಾರ ಹುಡುಗಿ ಸತ್ತಿದ್ದಾಳೆ, ಹುಡುಗಿಯ ಪ್ರಕಾರ ಸಾಕ್ಷಿ ಸುಳ್ಳು, ಅಪ್ಪ ನೋಡಿದರೆ ಸಹಿ ಹಾಕಿ ಹೋಗಿದ್ದಾನೆ. ಎರಡು ದಿನ ನಿದ್ದೆಗೆಟ್ಟು, 'ಪೋಷಕರ ಹೇಳಿಕೆಯ ಮೇರೆಗೆ ಜೀವಂತವೆಂದು ಪರಿಗಣಿಸಲಾಗಿದೆ' ಎಂದು ಬರೆದು ಮೊಹರು ಒತ್ತಿದರು. ನಾನು ಹಾಜರಿ ಪುಸ್ತಕದಲ್ಲಿ ಐದು ತಿಂಗಳ ಹಸಿರನ್ನು ನೀಲಿಯಲ್ಲಿ ತಿದ್ದುತ್ತ ಕೂತೆ.

ಧಾರಾವಾಹಿಯವರು ಕಾಯಲಿಲ್ಲ. ಇಳಾಳ ಮುಖ ಸುಟ್ಟಿತ್ತೆಂದೂ ವೈದ್ಯರು ಬೇರೆ ಮುಖ ಕೊಟ್ಟರೆಂದೂ ಹೇಳಿ, ಮುಂದಿನ ಸೋಮವಾರ ಇನ್ನೊಂದು ಹುಡುಗಿಯನ್ನು ತಂದರು. ಬುಧವಾರದವರೆಗೆ ಊರಿಗೆ ಸಿಟ್ಟಿತ್ತು. ಗುರುವಾರ, ಇವಳ ಕಣ್ಣು ಮೊದಲಿನವಳಿಗಿಂತ ದೊಡ್ಡದು ಎಂದು ಮಹಿಳಾ ಸಮಾಜದಲ್ಲಿ ತೀರ್ಮಾನವಾಯಿತು. ಅಲ್ಲಿಗೆ ನಮ್ಮ ನಾಗವೇಣಿ ಯಾರೂ ಅಲ್ಲದವಳಾದಳು. ಅವಳನ್ನು ಎರಡನೇ ಬೆಂಚಿನಲ್ಲಿ ಇಬ್ಬರ ಮಧ್ಯೆ ತುರುಕಿದರು. ಹೋಂವರ್ಕ್ ಮಾಡದ್ದಕ್ಕೆ ಗಣಿತದ ಮೇಷ್ಟ್ರು ಬಾಗಿಲ ಹೊರಗೆ ನಿಲ್ಲಿಸಿದರು. ಖೋ ಖೋ ತಂಡಕ್ಕೆ ಸೇರಿಸಿಕೊಂಡು, ಎರಡೇ ಆಟಕ್ಕೆ, ಓಡುವಾಗ ಕೂದಲು ಸರಿಮಾಡಿಕೊಳ್ಳುತ್ತಾಳೆಂದು ಹೊರಗೆ ಹಾಕಿದರು. ಅವಳ ಕಂಪಾಸ್ ಬಾಕ್ಸನ್ನು ಯಾರೋ ಕೇಳಿ ಪಡೆದು ವಾಪಸ್ ಕೊಡಲಿಲ್ಲ.

ಬೇಕೆಂದು ಕೇಳಿದ್ದೆಲ್ಲ ಸಿಕ್ಕಿದ ಮೇಲೆ ಸಂತೋಷವಾಗಿರಬೇಕಲ್ಲ? ಒಂದು ಸಂಜೆ ಜಗಲಿಯಲ್ಲಿ ಟೀವಿ ನೋಡುತ್ತ, "ಅಜ್ಜಿ, ಅವಳು ನನಗಿಂತ ಚೆನ್ನಾಗಿ ಮಾಡ್ತಾಳಾ?" ಎಂದು ಕೇಳಿದಳು.

"ಊಂ," ಎಂದರು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ.

ಹುಡುಗಿ ಮೂರು ದಿನ ನಮ್ಮ ಮನೆಯ ಕಡೆ ಬರಲಿಲ್ಲ. ನಾಲ್ಕನೇ ದಿನ ಬಂದು, ಏನೂ ಆಗದವಳ ಹಾಗೆ ಕೂತಳು.

ಫಾಲ್ಗುಣ ಬಂತು. ಅತ್ತೆಯ ವರ್ಷ ತುಂಬುವ ದಿನವೇ ಗಣಿತದ ಪರೀಕ್ಷೆ. ನಮ್ಮೂರಲ್ಲಿ ಸತ್ತವರು ಹೊರಡುವಾಗ ಯಾರೂ ಅಳುವುದಿಲ್ಲ. ಅಳುವುದನ್ನು ಹಿಂದಿನ ವರ್ಷವೇ ಮುಗಿಸಿರುತ್ತೇವೆ, ಜೊತೆಗೆ ಒಂದು ವರ್ಷದ ಮಾತು ಕೇಳಿ ಸಾಕಾಗಿರುತ್ತದೆ. ನಾಗವೇಣಿಗೆ ಈ ರೂಢಿ ಗೊತ್ತಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹಾಲ್ ಟಿಕೆಟ್ ಹಿಡಿದು, ಪರೀಕ್ಷೆಗೆ ಹೋಗುವ ದಾರಿಯಲ್ಲಿ ಆಶೀರ್ವಾದ ಕೇಳಲು ಬಂದವಳು, ಅತ್ತೆ ಜಗಲಿಯಿಂದ ಕಾಲು ಕೆಳಗಿಟ್ಟು ಎದ್ದದ್ದನ್ನು ನೋಡಿದಳು. ಒಮ್ಮೆಗೇ ಬಾಯಿ ಸೊಟ್ಟಗಾಗಿ, ಕಟ್ಟಿಹಾಕಿದ ಕರುವಿನ ಹಾಗೆ ಗೋಳೋ ಎಂದಳು. ಮೂಗು ಸೋರಿತು. ಬಿಕ್ಕಳಿಕೆ ಬಂತು. ಮಧ್ಯೆ ಒಮ್ಮೆ "ಅಮ್ಮ" ಎಂದ ಹಾಗೆ ಕೇಳಿಸಿತು. ಬೀದಿಯವರು ಹೊರಗೆ ಬಂದು ನೋಡಿದರು.

ಪುಟ್ಟತಾಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಥೂ! ಇಂಗಾ ಅಳಾದು? ಟೀವೀಲಿ ಎಷ್ಟ್ ಲಕ್ಷಣ್ವಾಗ್ ಅಳ್ತಿದ್ದೆ!"

"ಅದು... ಅದು ಗ್ಲಿಸರಿನ್ ಅಜ್ಜಿ..."

"ಒಂಚೂರು ಅದ್ನಾದ್ರೂ ಹಾಕ್ಕಂಡು ಬರ್ಬಾರ್ದಾ," ಎಂದು ಗೊಣಗಿ, ತಮ್ಮ ಸೆರಗಿನಲ್ಲೇ ಅವಳ ಮೂಗು ಒರೆಸಿದರು. ಆಮೇಲೆ ಕೆರೆ ದಾರಿ ಹಿಡಿದರು. ಹಿಂತಿರುಗಿ ನೋಡಲಿಲ್ಲ. ತಿರುವಿನಲ್ಲಿ ಮಾತ್ರ ನಿಂತು, "ವಿಶಾಲೂ, ಒಲೆ ಮೇಲೆ ಹಾಲೈತೆ!" ಎಂದು ನನ್ನನ್ನು ಕೂಗಿದರು. ಓಡಿ ಹೋಗಿ ನೋಡಿದೆ. ಉಕ್ಕಿ ಒಲೆಯೆಲ್ಲ ಹರಿದಿತ್ತು. ನಾನು ಒರೆಸುತ್ತ ಅಲ್ಲೇ ಸ್ವಲ್ಪ ಹೊತ್ತು ಕೂತೆ.

ಹುಡುಗಿ ಊದಿದ ಮುಖದಲ್ಲೇ ಹೋಗಿ ಪರೀಕ್ಷೆ ಬರೆದಳು. ಫಲಿತಾಂಶ ಬಂದಾಗ ಅಂಕಪಟ್ಟಿಯನ್ನು ಅವಳ ಕೈಗೆ ಕೊಟ್ಟವಳು ನಾನೇ. ಗಣಿತಕ್ಕೆ ಮೂವತ್ತೆಂಟು.

"ಇಷ್ಟೇನಾ?" ಎಂದೆ.

"ಮೂವತ್ತೈದಕ್ಕೆ ಪಾಸು ಮೇಡಂ. ಮೂರು ಜಾಸ್ತೀನೇ ಬರೆದಿದೀನಿ," ಎಂದಳು. ನಮ್ಮ ಸ್ಕೂಲಿನಿಂದ ಹೊರಬಿದ್ದ ಯಾವ ಕತ್ತೆ ಬೇಕಾದರೂ ಹೇಳುವ ಮಾತು, ಅದೇ ಗತ್ತಿನಲ್ಲಿ.